ಎರಡನೆಯ ಗೋಲು

ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಗಿರುವ ‘ಜಲಾಲ್ ಟೈರ್ಸ್’ ಪಕ್ಕದ್ದೇ ನನ್ನ ಸೋಡಾ ಅಂಗಡಿ. ಹೈದರಾಬಾದ್ ಕಡೆಯ ಲಾರಿ ಡ್ರೈವರುಗಳಿಗೆ ಟೈರು ಬೇಕೋ ಬೇಡವೋ, ಜಲಾಲುದ್ದೀನ್ ಮಾತ್ರ ಬೇಕೇ ಬೇಕು. ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿಗೆ ಹೈದರಾಬಾದಿನ ಫುಟ್‌ಬಾಲ್ ಮೈದಾನಗಳಲ್ಲಿ ಅವನ ಎಡಗಾಲಿಗೆ ಮರುಳಾಗದವರಿರಲಿಲ್ಲ. ಫೈನಲ್ಲಿನ ಕೊನೆಗಳಿಗೆಯಲ್ಲಿ ಅವನು ಹೊಡೆದ ಗೋಲಿನ ಕಥೆಯನ್ನು ಅವನ ಬಾಯಿಂದಲೇ ಕೇಳಬೇಕು, ಟೈರಿನ ಮಾತು ಆಮೇಲೆ. ನನಗಂತೂ ಅದು ಬಾಯಿಪಾಠ. ನಡುವೆ ಅವನು ಕೆಮ್ಮಿದರೆ ಮುಂದಿನದನ್ನು ನಾನೇ ಹೇಳಿ ಮುಗಿಸಬಲ್ಲೆ.

ಬಲಮೊಣಕಾಲು ಕೆಟ್ಟು ಟೀಮಿನವರು ಕೈಬಿಟ್ಟಾಗ ಅವನನ್ನು ಇಲ್ಲಿಗೆ ಕರೆತಂದವರು ಚನ್ನಬಸಪ್ಪ ಸಾವಕಾರರು. ಬಂಡವಾಳ ಅವರದು, ಹೆಸರು ಇವನದು. “ನನ್ನ ಹೆಸರಿಗೆ ಗಿರಾಕಿ ಬರೂದು ನಿಲ್ಲೋತನಕ ಈ ಗಾದಿ ಬಿಡೂದಿಲ್ರಿ” ಎಂದು ಜಲಾಲ್ ಅಂದು ನಾಲ್ಕು ಜನರೆದುರು ಜಬಾನು ಕೊಟ್ಟ, ಆಣೆಯಿಟ್ಟ ಹಾಗೆ. ಸಾವಕಾರರು ಕೆಟ್ಟವರಾಗಿದ್ದರೆ ನಾನು ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಈದಿಗೆ ಇವನಿಗೆ ಹೊಸ ಬಟ್ಟೆ ಹೊಲಿಸಿಕೊಡುವ ಮನುಷ್ಯ ಅವರು. ಆದರೆ ಸಂಜೆ ಹುಡುಗರ ಜೊತೆ ಚೆಂಡು ಮುಟ್ಟಲು ಬಿಡುತ್ತಿರಲಿಲ್ಲ.

“ಕುಂಟಕೋತ ಓಡೂದ ಮಂದಿ ನೋಡಿದ್ರ ಹೆಸರು ಹ್ಯಾಂಗ ಉಳೀತದ, ಜಲಾಲಭಾಯಿ?” ಎನ್ನುತ್ತಿದ್ದರು.

ಹತ್ತು ವರ್ಷ ಅವನು ಗಾದಿಯ ಮೇಲೆ ಕೂತ. ಕೊನೆಗೆ ಬಸವಕಲ್ಯಾಣದ ಒಂದು ಹೈಸ್ಕೂಲಿನವರು ಅವನನ್ನು ಆಟದ ಮಾಸ್ತರಿಕೆಗೆ ಕರೆದರು. ಹೆಂಡತಿ ಅಕ್ಬರಿಯ ತವರೂ ಅದೇ ಊರು. ಅವಳು ಖುಷಿಯಲ್ಲಿ ಟ್ರಂಕು ತುಂಬಿಕೊಂಡು ಮುಂಚೆಯೇ ಹೋಗಿಬಿಟ್ಟಳು. ಜಲಾಲ್ ಅಪ್ಪಣೆ ಕೇಳಿದರೆ ಸಾವಕಾರರು ನಕ್ಕರು.

“ಜಬಾನ ಅಂದ್ರ ಜಬಾನ. ನಿನ್ನ ಹೆಸರಿಗೆ ಗಿರಾಕಿ ಬರೂದು ನಿಲ್ಲಲಿ, ನಾನೇ ನಿನ್ನ ಬಸ್ ಹತ್ತಸ್ತೀನಿ.”

ಆ ಜನವರಿಯಲ್ಲಿ ಕಲ್ಯಾಣದಲ್ಲೇ ಪಂದ್ಯಾವಳಿ ನಡೆಯಿತು. ಉದ್ಘಾಟನೆಗೆ ಜಲಾಲ್ ಒಂದು ಪೆನಾಲ್ಟಿ ಹೊಡೆಯಬೇಕು. ಗೋಲಿನಲ್ಲಿ ನಿಲ್ಲಲು ಅವನು ಆರಿಸಿದ್ದು ನನ್ನನ್ನು. ಹಿಂದಿನ ಸಂಜೆ ಅವನು ನನ್ನ ಅಂಗಡಿಗೆ ಬಂದು ಸೋಡಾ ಹಿಡಿದು ಕೂತ.

“ವೈಜನಾಥ, ನಾಳೆ ಚೆಂಡ ಸೀದಾ ನಿನ್ನ ಎದಿಗೇ ಹೊಡೀತೀನಿ, ಮೆಲ್ಲಕ. ಹಿಡ್ಕೊಂಡು ಜೋರಾಗಿ ನಗು.”

“ಡ್ರೈವರ್ ಮಂದಿ ಎಲ್ಲಾ ಬರ್ತಾರ್ರಿ, ಭಾಯಿ. ಹೆಸರು ಮಣ್ಣಾಗ್ತದ.”

“ಆಗ್ಲಿ ಬಿಡು. ಅದು ಸತ್ರನ ನಾ ಬದಕತೀನಿ.”

ಮರುದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಡಬಿಯಂಥ ಹಳ್ಳಿಗಳಿಂದಲೂ ಜನ ಬಂದಿದ್ದರು. ಸಾವಕಾರರು ಮುಂದಿನ ಕುರ್ಚಿಯಲ್ಲಿದ್ದರು, ಅಕ್ಬರಿ ಗೋಡೆಯ ಬಳಿ ಹೆಂಗಸರ ನಡುವೆ. ನಾನು ಎದೆಯ ಮುಂದೆ ಕೈ ಒಡ್ಡಿಕೊಂಡು ಹೊಲದ ಬೆರ್ಚಪ್ಪನ ಹಾಗೆ ನಿಂತೆ. ಜಲಾಲ್ ಚೆಂಡಿಟ್ಟು, ನನಗೆ ಕಣ್ಣು ಹೊಡೆದು, ಕುಂಟುತ್ತಲೇ ಹಿಂದಕ್ಕೆ ಹೋದ. ಕುಂಟುತ್ತಲೇ ಓಟ ಶುರು ಮಾಡಿದ. ಚೆಂಡಿನ ಹತ್ತಿರ ಬಂದಾಗ ಆ ಕುಂಟು ಎಲ್ಲಿ ಹೋಯಿತೋ ನಾನರಿಯೆ. ಅವನ ಕಣ್ಣು ನನ್ನನ್ನು ಬಿಟ್ಟು ಮೂಲೆಗೆ ಹೋಯಿತು. ಚೆಂಡು ನನ್ನ ಕಿವಿಯ ಪಕ್ಕ ಗಾಳಿ ಸೀಳಿಕೊಂಡು ಹಾದು ಬಲೆಯ ಮೇಲ್ಮೂಲೆಗೆ ಬಡಿಯಿತು.

ಜಲಾಲ್ ಎರಡೂ ಕೈ ಮೇಲೆತ್ತಿ ಹುಡುಗನಂತೆ ಓಡಿದ. ಅಂಥ ಸಂತೋಷವನ್ನು ಆ ಮುಖದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ನನ್ನ ಕಣ್ಣೂ ತುಂಬಿ ಬಂತು. ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ ಸಾವಕಾರರು ಕಣ್ಣಿಗೆ ಬಿದ್ದಾಗ ಅವನ ಕೈಗಳು ತಾವಾಗಿ ಕೆಳಗಿಳಿದವು.

“ಇದೇನ್ ಮಾಡಿದ್ರಿ, ಭಾಯಿ?” ಎಂದೆ.

“ಕಾಲು ನನ್ನ ಮಾತು ಕೇಳ್ಲಿಲ್ಲೋ.”

ಅವನು ಗೋಡೆಯ ಕಡೆ ನೋಡಿದ. ಅಕ್ಬರಿ ಅಲ್ಲಿರಲಿಲ್ಲ. ಸಾವಕಾರರು ಅವನ ಹೆಗಲ ಮೇಲೆ ಕೈಹಾಕಿ, ಪ್ರೀತಿಯಿಂದಲೇ, ತಮ್ಮ ಜೀಪಿಗೆ ಹತ್ತಿಸಿದರು.

ವಾರದ ಮೇಲೆ ಅಕ್ಬರಿ ಟ್ರಂಕಿನೊಂದಿಗೆ ಹುಮನಾಬಾದಿನಲ್ಲಿ ಬಸ್ಸಿಳಿದಳು. ಜಲಾಲ್ ಹೋಗಿ ಟ್ರಂಕಿಗೆ ಕೈಹಾಕಿದರೆ ಕೊಡದೆ, ತಾನೇ ಹೊತ್ತುಕೊಂಡು ಮನೆಗೆ ನಡೆದಳು.

ಅಂಗಡಿಗೆ ಈಗ ಹೊಸ ಬೋರ್ಡು ಬಂದಿದೆ, ಲಾರಿಗಳು ಮೊದಲಿಗಿಂತ ಹೆಚ್ಚು ನಿಲ್ಲುತ್ತವೆ. ಜಲಾಲ್ ಫೈನಲ್ಲಿನ ಗೋಲು ಹೇಳಿ ಮುಗಿಸುತ್ತಾನೆ. ಡ್ರೈವರುಗಳು ಏಳುವುದಿಲ್ಲ. “ಕಲ್ಯಾಣದ್ದೂ ಹೇಳ್ರಿ, ಸಾಬ್” ಎನ್ನುತ್ತಾರೆ. ಅವನು ಒಮ್ಮೆ ನನ್ನ ಕಡೆ ನೋಡುತ್ತಾನೆ. ನಾನು ತಲೆ ಬಗ್ಗಿಸಿ ಬಾಟಲಿ ತೊಳೆಯುತ್ತೇನೆ. ಅವನು ಹೇಳತೊಡಗುತ್ತಾನೆ.