ಗೋಡೆಗೂ ಮೇಜಿಗೂ ನಡುವೆ

ಟಕ್ ಎಂದಿತು, ಬೆನ್ನ ಹಿಂದೆ, ಆಮೇಲೆ ಬಣ್ಣದ ಹಕ್ಕಳೆ ಉದುರಿದ ಸದ್ದು — ಕ್ಯೂ ಕೋಲಿನ ಬುಡ ಗೋಡೆಗೆ ತಾಗಿದೆ, ಇನ್ನೊಂದು ಮೊಳ ಹಿಂದಕ್ಕೆಳೆಯಬೇಕು, ಜಾಗವೇ ಇಲ್ಲ, ಅವನು ಬಗ್ಗಿದವನು ಬಗ್ಗಿಯೇ ಇದ್ದಾನೆ, ಮೂರೂವರೆ, ನಾಲ್ಕಕ್ಕೆ ಮೊಮ್ಮಗಳು ಬರುತ್ತಾಳೆ, ತಾತ, ನೀನು ಕ್ಲಬ್ಬಲ್ಲಿ ಮೂವತ್ತು ವರ್ಷ ಸ್ನೂಕರ್ ಆಡಿದೀಯಂತೆ, ನಂಗೂ ಕಲಿಸು ಎಂದಿದ್ದಳು ಫೋನಿನಲ್ಲಿ, ಇವನು ಹೂಂ ಅಂದುಬಿಟ್ಟ, ಆಡಿದ್ದಲ್ಲ ಪುಟ್ಟಿ, ಮಾರ್ಕರ್ ಆಗಿದ್ದೆ, ಅಂಕ ಕೂಗುತ್ತಿದ್ದೆ, ಬಿದ್ದ ಬಣ್ಣದ ಚೆಂಡನ್ನು ಎತ್ತಿ ಅದರ ಚುಕ್ಕೆಯ ಮೇಲಿಡುತ್ತಿದ್ದೆ ಎನ್ನಬೇಕಿತ್ತು, ಸದಸ್ಯರ ಮೇಜಿನ ಮೇಲೆ ಸಿಬ್ಬಂದಿ ಒಂದೇಟೂ ಹೊಡೆಯುವಂತಿರಲಿಲ್ಲ, ಅವನು ಹೊಡೆದಿಲ್ಲ, ಒಂದೂ. ಸಾಮಾನಿನ ವಿಷಯಕ್ಕೆ ಬಂದರೆ ಮಾತ್ರ ಅವನನ್ನು ಮೀರಿಸುವವರಿಲ್ಲ, ಮನೆಗಾಗುವಂತೆ ಅರ್ಧ ಅಳತೆಯ ಮೇಜು, ಕಾಲಿನಡಿ ರಟ್ಟಿನ ಚೂರು, ರಸಮಟ್ಟದ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೂ ಮಂಡಿಯೂರಿದ್ದ, ಹಸಿರು ಬಟ್ಟೆಯನ್ನು ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಸವರಿದ್ದಾನೆ, ಹದಿನೈದು ಕೆಂಪು, ಆರು ಬಣ್ಣ, ಒಂದು ಬಿಳಿ, ತ್ರಿಕೋನ, ಕೋಲಿನ ತುದಿಗೆ ಉಜ್ಜುವ ನೀಲಿ ಚಾಕ್, ತಲೆಯ ಮೇಲೆ ನೆರಳು ಬೀಳಿಸದ ದೀಪ — ರೀ, ಮದುವೆಯಾದ ಹೊಸದರಲ್ಲಿ ನನ್ನನ್ನೂ ಇಷ್ಟು ಸವರಿರಲಿಲ್ಲ ನೀವು, ಇನ್ನು ಊಟಕ್ಕೆ ಕೂರೋದೆಲ್ಲಿ ಎಂದಿದ್ದಳು ಹೆಂಡತಿ. ಕೋಣೆಯ ಅಳತೆಯನ್ನೂ ತಾನೇ ಹಿಡಿದಿದ್ದ, ಟೇಪಿಲ್ಲದೆ, ಗೋಡೆಗೆ ಬೆನ್ನು ಹಚ್ಚಿ, ಕೈ ಹಿಂದೆ ಕಟ್ಟಿ, ಹೊಟ್ಟೆಗೂ ಮೇಜಿಗೂ ನಡುವೆ ಒಂದು ಗೇಣು ಉಳಿದರೆ ಧಾರಾಳ ಅಂದುಕೊಂಡಿದ್ದ, ಮೂವತ್ತು ವರ್ಷ ಅಷ್ಟರಲ್ಲೇ ನಿಂತಿರಲಿಲ್ಲವೇ, ಈಗ ಟಕ್, ಆ ಕಡೆಯಿಂದಲೂ ಟಕ್, ಮಾರ್ಕರ್ ನಿಲ್ಲುವುದಕ್ಕೆ ಜಾಗ ಬಿಟ್ಟಿದ್ದಾನೆ, ಆಡುವವನಿಗೆ ಬಿಟ್ಟಿಲ್ಲ, ಮೂರು ದಿಕ್ಕಿಗೂ ಬಿಟ್ಟಿಲ್ಲ, ಬಾಗಿಲಿನ ಕಡೆ ಮಾತ್ರ ಕೋಲು ಆಡುತ್ತದೆ, ಎಳೆದರೆ ಅಡುಗೆಮನೆಗೆ ನುಗ್ಗುತ್ತದೆ, ತಿವಿದೀರಿ ಜೋಕೆ ಎನ್ನುತ್ತಾಳೆ ಅವಳು ಒಲೆಯ ಮುಂದಿನಿಂದ, ಮೂರೂಮುಕ್ಕಾಲು, ಹೇಳಿಬಿಡಲೇ, ತಲೆನೋವೆಂದು ಮಲಗಿಬಿಡಲೇ —

ಬಂದೇಬಿಟ್ಟಳು, ಚಪ್ಪಲಿ ಒಂದು ಕಡೆ ಬ್ಯಾಗು ಒಂದು ಕಡೆ, ತಾತ, ನೀನೇ ಮೊದಲು ಹೊಡಿ, ಇಲ್ಲ ಇಲ್ಲ ನೀನೇ ಹೊಡಿ ಎಂದು ಬಾಗಿಲಿನ ಕಡೆಯ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟ, ಅವಳು ಹೊಡೆದಳು, ಬಿಳಿ ಚೆಂಡು ನೆಟ್ಟಗೆ ಹೋಗಿ ಕೆಂಪಿಗಿಂತ ಮೊದಲು ನಡುವಿನ ಐದಂಕದ ನೀಲಿಗೆ ಬಡಿಯಿತು, ಫೌಲ್, ಐದು, ಎಂದಿತು ಯಾರದೋ ಗಂಟಲು, ಅವನದೇ, ನೋಡಿದರೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾನೆ, ಯಾವಾಗ ಹೋಗಿ ನಿಂತನೋ, ಐದು ಯಾರಿಗೆ ತಾತ, ಎದುರಾಳಿಗೆ, ಎದುರಾಳಿಗೇ ಸೇರೋದು ಫೌಲಿನ ಅಂಕ, ಹಾಗಾದ್ರೆ ನಿಂಗೇ ಅಲ್ವಾ, ಹೊಡೀದೇನೇ ಐದು ಹೊಡ್ಕೊಂಡ್ಯಲ್ಲ ಕಳ್ಳ, ಹಿಡಿ, ನಿನ್ ಸರದಿ — ಅವನಿಗೆ ಐದು, ಮೂವತ್ತು ವರ್ಷ ಎಷ್ಟು ಜನರಿಗೆ ಕೂಗಿದ್ದಾನೆ, ಅವನಿಗೆ ಐದು, ಮೇಜಿನ ಆಚೆಯಿಂದ ಕೋಲು ಚಾಚಿದ್ದಾಳೆ, ಚಾಚೇ ಇದ್ದಾಳೆ, ತಗೊಳ್ಳೋ ತಾತ, ತಗೊಳ್ಳಬೇಕು, ಬೆನ್ನ ಹಿಂದೆ ಎಡಗೈ ಬಲಗೈಯ ಮಣಿಕಟ್ಟು ಹಿಡಿದುಕೊಂಡಿದೆ, ಬಿಡು ಎನ್ನುತ್ತಾನೆ, ಬಿಡುತ್ತಿಲ್ಲ, ಎಡಗೈ ಬಲಗೈಯನ್ನು, ಬಿಗಿಯಾಗಿ, ಎಡಗೈ ಬಲಗೈಯನ್ನು