ಸೋತವರ ಮಂಗಳ

"ಇವತ್ತಾದ್ರೂ ಓದದೇ ಮನೆಗೆ ಹೋಗೋ ಯೋಗ ಇದೆಯಾ?"

ಹಂಸಾ ಕೇಳಿದ್ದು ಯಾರನ್ನೂ ಅಲ್ಲ. ಪ್ರೇಕ್ಷಕರ ಸಾಲುಗಳ ನೆತ್ತಿಯ ಮೇಲಿದ್ದ ಆ ಗಾಜಿನ ಕೋಣೆಯಲ್ಲಿ ಆಗ ಅವಳೊಬ್ಬಳೇ ಇದ್ದಳು. ಕೆಳಗೆ ಆಲ್ಬನಿಯ ಮೈದಾನ ನೀರುಂಡು ಹಸಿರಾಗಿ ಮಲಗಿತ್ತು. ಬೇಲಿಯಾಚೆಯ ಪೊಹುಟುಕಾವಾ ಮರಗಳಲ್ಲಿ ಜೀರುಂಡೆಗಳು ಬೆಳಗಿನಿಂದಲೇ ಶ್ರುತಿ ಹಿಡಿದು ಕೂತಿದ್ದವು. ಹಂಸಾ ಮೈಕನ್ನು ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ಕುರ್ಚಿಯಲ್ಲಿ ಕೂತಳು.

ವಾರವೆಲ್ಲ ಅವಳು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತಪ್ಪು ಹುಡುಕುವ ಕೆಲಸ ಮಾಡುವವಳು. ಮೀಟಿಂಗಿನಲ್ಲಿ ಬಾಯಿ ಬಿಡುವುದೇ ಅಪರೂಪ. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಮಾತ್ರ ಅವಳು ಪುಕೆಕೋಸ್ ಬೇಸ್‌ಬಾಲ್ ತಂಡದ ದನಿ. ಪುಕೆಕೋ ಎಂದರೆ ಇಲ್ಲಿನ ಹೊಂಡಗಳ ಬದಿಯಲ್ಲಿ ಕೆಂಪು ಕೊಕ್ಕು ಎತ್ತಿಕೊಂಡು ಓಡಾಡುವ ನೀಲಿ ಹಕ್ಕಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಅವಳು ಕಂಡಿದ್ದ ಜಂಬುಕೋಳಿಯದೇ ಬಳಗ. ಕನ್ನಡ ಕೂಟದ ಯುಗಾದಿಯಲ್ಲಿ ಅವಳು ನಿರೂಪಣೆ ಮಾಡಿದ್ದನ್ನು ಕೇಳಿ, ತಂಡದ ಮ್ಯಾನೇಜರ್ ಅನೂಪ್ ಅವಳನ್ನು ಕರೆತಂದು ಈ ಕುರ್ಚಿಯಲ್ಲಿ ಕೂರಿಸಿದ್ದ. ಆಟಗಾರರು ಸಂಬಳಕ್ಕೆ ಆಡುವವರು. ಒಬ್ಬ ಜಪಾನಿನಿಂದ, ಇಬ್ಬರು ಅಮೆರಿಕದಿಂದ, ಉಳಿದವರು ಇಲ್ಲಿಯವರೇ. ಎಲ್ಲರೂ ಒಳ್ಳೆಯ ಆಟಗಾರರು. ಆದರೆ ಸೀಸನ್ ಶುರುವಾದಾಗಿನಿಂದ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಇವತ್ತಿನದು ಕೊನೆಯ ಪಂದ್ಯ.

ಮೊದಲ ಸೋಲಿನ ದಿನ ಹಂಸಾ ಒಂದು ತಪ್ಪು ಮಾಡಿದ್ದಳು. ಅವಳ ತಾತ ಗಮಕಿಗಳು. ಸಂಜೆ ಪಡಸಾಲೆಯಲ್ಲಿ ಅವರು ಕಾವ್ಯ ಓದುತ್ತಿದ್ದರೆ ಅವಳು ಕಂಬಕ್ಕೊರಗಿ ಕೇಳುತ್ತಿದ್ದಳು. ಕೇಳುವುದಷ್ಟೇ ಅವಳ ಬಾಲ್ಯದ ಕಸುಬು. ಯುದ್ಧದಲ್ಲಿ ವೀರ ಬಿದ್ದ ಪದ್ಯಕ್ಕೆ ತಾತ ಎಂದೂ ಓದು ನಿಲ್ಲಿಸಿದವರಲ್ಲ. ಬಿದ್ದವನ ಹೆಸರು ಹೇಳಿ, ಅವನು ಮಾಡಿದ ಒಳ್ಳೆಯದನ್ನು ರಾಗವಾಗಿ ಹಾಡಿ, ಮಂಗಳಕ್ಕೆ ತಂದ ಮೇಲೆಯೇ ಹೊತ್ತಿಗೆ ಕಟ್ಟುತ್ತಿದ್ದರು. ಒಮ್ಮೆ ಬಸ್ಸಿಗೆ ಹೊತ್ತಾದ ನೆಂಟರೊಬ್ಬರು, "ಬಿದ್ದವನು ಶತ್ರು ಪಾಳೆಯದವನು ತಾನೇ ಸ್ವಾಮಿ, ಇಲ್ಲಿಗೇ ನಿಲ್ಲಿಸಬಹುದಲ್ಲ?" ಎಂದಿದ್ದರು. ತಾತ ತಲೆ ಎತ್ತಲಿಲ್ಲ. ಓದುತ್ತಲೇ ಹೋದರು. ಬಸ್ಸೂ ಹೋಯಿತು.

ಹಾಗಾಗಿ ಮೈಕಿನ ಮುಂದೆ ಕೂತವರ ಕೆಲಸವೆಂದರೆ ಅದೂ ಸೇರಿದ್ದೇ ಎಂದು ಹಂಸಾ ತಿಳಿದಿದ್ದಳು. ಯಾರನ್ನೂ ಕೇಳಲಿಲ್ಲ. ಪಂದ್ಯ ಸೋತು ಜನ ಚೀಲ ಹೆಗಲಿಗೇರಿಸುತ್ತಿರುವಾಗ ಮತ್ತೆ ಮೈಕ್ ಹಾಕಿ, ತಂಡದ ಹುಡುಗರ ಹೆಸರುಗಳನ್ನು ಒಂದೊಂದಾಗಿ ಓದಿದಳು. ಓದಿದ್ದು ಇಂಗ್ಲಿಷಿನಲ್ಲಿ, ಎಳೆತ ಮಾತ್ರ ತಾತನದು. ಹೇಮಿ ರಂಗಿ ಬೆನ್ನು ನೋವಿನಲ್ಲೂ ಚೆಂಡೆಸೆದ. ಕೆಂಟಾ ಮೋರಿ ಬೇಲಿಗೆ ಡಿಕ್ಕಿ ಹೊಡೆದು ಚೆಂಡು ಹಿಡಿದ. ಹೀಗೆ ಎಲ್ಲರದೂ. "ಆಟ ಮುಗೀತಮ್ಮಾ!" ಎಂದು ಕೆಳಗಿನಿಂದ ಯಾರೋ ಕೂಗಿದರು. ಹಲವರು ನಕ್ಕರು. ಆದರೆ ಮುಂದಿನ ಸೋಲಿಗೆ ಕೆಲವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಕ್ರಿಸ್‌ಮಸ್ ಹೊತ್ತಿಗೆ, ಇಲ್ಲಿನ ನಡುಬೇಸಿಗೆಯಲ್ಲಿ, ಸೋಲು ಖಚಿತವಾದ ಮೇಲೆ ಜನ ಚಿಲ್ಲಿ ಬಿನ್ ಎನ್ನುವ ತಂಪುಪೆಟ್ಟಿಗೆಯ ಮುಚ್ಚಳ ತೆಗೆದು, ಇನ್ನೊಂದು ತಂಪು ಬಾಟಲಿ ಹಿಡಿದು, ಓದಿಗೆಂದೇ ಆರಾಮಾಗಿ ಕೂರತೊಡಗಿದರು.

"ಏನ್ರೀ ಹಂಸಕ್ಕಾರ, ಒಬ್ಬರಽ ಕುಂತು ಯಾರ ಜೋಡಿ ಮಾತಾಡ್ಲಿಕ್ಹತ್ತೀರಿ?" ಎನ್ನುತ್ತ ಸುಬ್ಹಾನ್ ಒಳಬಂದ. ಹುಬ್ಬಳ್ಳಿಯವನು, ಧ್ವನಿಯ ಯಂತ್ರ ಅವನ ಸುಪರ್ದಿ. "ನೋಡ್ರಿ, ನಮ್ಮಮ್ಮ ಬಿರಿಯಾನಿ ಕಟ್ಟಿ ಕೊಟ್ಟಾಳ. ಸೋತ್ರ ದುಃಖಕ್ಕ, ಗೆದ್ರ ಖುಷಿಗೆ. ನಿಮಗ ಮೊಸರನ್ನ ಬ್ಯಾರೆ ಡಬ್ಬಿಯೊಳಗ ಐತಿ."

ಅವನ ಹಿಂದೆಯೇ ಅನೂಪ್ ಬಂದ. ಹೊಸ ಕೋಟು, ಮುಖದಲ್ಲಿ ಬೆವರು.

"ಆಂಟಿ, ಒಂದು ಮಾತು. ಇವತ್ತು ದೊಡ್ಡ ಸ್ಪಾನ್ಸರ್ ಬರ್ತಿದಾರೆ. ಸೋತ ತಕ್ಷಣ ಮ್ಯೂಸಿಕ್ ಹಾಕಿಸ್ತೀನಿ. ನಿಮ್ಮ ಓದು ಬೇಡ. ಬೋರ್ಡಿನವರು ಹೇಳ್ತಾರೆ, ಶ್ರಾದ್ಧದ ಮನೆ ಥರ ಇರುತ್ತಂತೆ."

"ಬೋರ್ಡಿನವರು ಶ್ರಾದ್ಧ ಅಂದ್ರಾ?"

"ಫ್ಯೂನರಲ್ ಅಂದ್ರು. ಕನ್ನಡ ನಂದು."

ಸುಬ್ಹಾನ್ ಕೆಮ್ಮಿದಂತೆ ಮಾಡಿ ನಗು ನುಂಗಿದ. ಅನೂಪ್ ನಗಲಿಲ್ಲ. "ಜೋಕ್ ಅಲ್ಲ ಆಂಟಿ. ಇವತ್ತು ಓದಿದ್ರೆ ಮುಂದಿನ ಸೀಸನ್ನಿಗೆ ಮೈಕ್ ಬೇರೆಯವರಿಗೆ ಕೊಡ್ತಾರೆ. ನನ್ನ ಕೈಲಿ ತಡೆಯೋಕಾಗಲ್ಲ."

"ನೋಡೋಣಪ್ಪ," ಎಂದಳು ಹಂಸಾ.

ಅನೂಪ್ ಇಳಿದು ಹೋದ ಮೇಲೆ ಅವಳು ಮೈಕನ್ನೇ ನೋಡುತ್ತ ಕೂತಳು. ಈ ಊರಿಗೆ ಬಂದ ಇಷ್ಟು ವರ್ಷಗಳಲ್ಲಿ ತಾತನ ಕಂಠ ಅವಳ ಗಂಟಲಿನಿಂದ ಹೊರಟದ್ದು ಇದೊಂದು ಕೋಣೆಯಲ್ಲೇ. ಇದು ಕೈತಪ್ಪಿದರೆ ಮತ್ತೆ ಮೀಟಿಂಗಿನ ಮೂಲೆ. ದೇವರೇ, ಗೆಲ್ಲಿಸಿಬಿಡು, ಆ ಪ್ರಸಂಗವೇ ಬರದ ಹಾಗೆ ಮಾಡು ಎಂದು ಮನಸ್ಸಿನಲ್ಲೇ ಕೈ ಮುಗಿದಳು.

ಎದುರಾಳಿಗಳು ಗಾಳಿಗೆ ಹೆಸರಾದ ವೆಲ್ಲಿಂಗ್ಟನ್ನಿನವರು. "ಗಾಳಿಗೆ ಬೆಳೆದ ಮಂದಿ, ಗಾಳಿ ಇಲ್ಲದ ಕಡೆ ಸೀದಾ ನಿಲ್ಲಾಕ ಬರಂಗಿಲ್ಲ ಇವರಿಗೆ," ಎಂದು ಸುಬ್ಹಾನ್ ಗೇಲಿ ಮಾಡಿದ. ಆದರೆ ಅವರು ಸೀದಾ ನಿಂತು ಚೆನ್ನಾಗಿಯೇ ಆಡಿದರು. ಹೇಮಿ ಮಧ್ಯಾಹ್ನವಿಡೀ ಚೆಂಡೆಸೆದ. ಅವನ ಒಂದೊಂದು ಎಸೆತವೂ ಕ್ಯಾಚರನ ಗ್ಲೌಸಿಗೆ ಬಡಿವ ಸದ್ದಿನಲ್ಲೇ ಅವನ ದಣಿವೆಷ್ಟೆಂದು ಹಂಸಾಗೆ ಕೇಳುತ್ತಿತ್ತು. ಒಂಬತ್ತನೆಯ ಇನಿಂಗ್ಸಿನ ಕೊನೆಯ ಸರದಿ ಪುಕೆಕೋಸ್ ಕೈಗೆ ಬಂದಾಗ ಒಂದೇ ರನ್ನಿನ ಹಿನ್ನಡೆ ಇತ್ತು. ಇಬ್ಬರು ಔಟಾದರು. ಇನ್ನೊಬ್ಬ ಔಟಾದರೆ ಸೀಸನ್ನೇ ಮುಗಿಯಿತು. ಎರಡನೆಯ ಬೇಸಿನಲ್ಲೊಬ್ಬ, ಮೂರನೆಯದರಲ್ಲೊಬ್ಬ ಓಡಲು ಬಾಗಿ ನಿಂತಿದ್ದರು. ಬ್ಯಾಟು ಕೆಂಟಾನ ಕೈಯಲ್ಲಿತ್ತು.

ಅನೂಪ್ ಮತ್ತೆ ಮೇಲೆ ಬಂದು ಬಾಗಿಲಿಗಂಟಿ ನಿಂತ. "ಮ್ಯೂಸಿಕ್ ರೆಡಿ ಇದೆಯಾ?" ಎಂದು ಪಿಸುಗುಟ್ಟಿದ.

"ಬಾಯಿ ಮುಚ್ಚೋ ಮಾರಾಯ," ಎಂದ ಸುಬ್ಹಾನ್.

ಟಕ್ ಎಂದಿತು ಬ್ಯಾಟು. ಪೂರ್ತಿ ಕೂಡಿಬಂದ ಸದ್ದಲ್ಲ ಅದು. ಚೆಂಡು ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಹೋಗಿ ಸಲೀಸಾದ ಕ್ಯಾಚಿನಂತೆ ಇಳಿಯತೊಡಗಿತು. ವೆಲ್ಲಿಂಗ್ಟನ್ನಿನ ಕ್ಯಾಲಮ್ ರೀಡ್ ನಾಲ್ಕು ಹೆಜ್ಜೆ ಹಿಂದೆ ಸರಿದು ಗ್ಲೌಸ್ ಎತ್ತಿದ. ಸಂಜೆಯ ಬಿಸಿಲು ನೇರ ಅವನ ಕಣ್ಣಿಗೇ ಹೊಡೆಯುತ್ತಿತ್ತು. ಅವನ ಕೈ ಅತ್ತ ತಡವರಿಸಿತು, ಇತ್ತ ತಡವರಿಸಿತು. ಚೆಂಡು ಗ್ಲೌಸಿನ ಅಂಚಿಗೆ ತಾಗಿ ಹುಲ್ಲಿಗೆ ಬಿತ್ತು.

ಮೂರನೆಯ ಬೇಸಿನವ 'ಮನೆ' ಎಂದು ಕರೆಯುವ ಕೊನೆಯ ಬೇಸು ಮುಟ್ಟಿದ, ಸ್ಕೋರು ಸಮವಾಯಿತು. ಎರಡನೆಯವ, ಲೋಟು ಎಂಬ ದಡೂತಿ ಹುಡುಗ, ಸೀಸನ್ನಿಡೀ ನಿಧಾನಿಯೆಂದು ಬೈಸಿಕೊಂಡವ, ಹೆಲ್ಮೆಟ್ ಹಾರಿಹೋದರೂ ತಿರುಗಿ ನೋಡದೆ ಓಡಿ ಬಂದು ಮಣ್ಣಿನಲ್ಲಿ ಹೊಟ್ಟೆಯ ಮೇಲೆ ಜಾರಿ ಮನೆ ಸೇರಿದ.

"ಪು... ಕೆ... ಕೋ... ಸ್!"

ಹಂಸಾ ಒಂದೊಂದು ಅಕ್ಷರವನ್ನೂ ಉಸಿರು ಮುಗಿಯುವ ತನಕ ಎಳೆದಳು. ಇಡೀ ಸ್ಟ್ಯಾಂಡು ಎದ್ದು ನಿಂತು ಅದೇ ಎಳೆತವನ್ನು ಅವಳಿಗೇ ತಿರುಗಿ ಕೊಟ್ಟಿತು. ಕೆಳಗೆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾದರು. ಆ ರಾಶಿಯ ತಳದಲ್ಲೆಲ್ಲೋ ಲೋಟು. ಹೇಮಿ ನಿಂತಲ್ಲೇ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಸುಬ್ಹಾನ್ ಮ್ಯೂಸಿಕ್ ಹಾಕಿ ಕುರ್ಚಿ ಹತ್ತಿ ಕುಣಿದ. ಅನೂಪ್ ಹೊಸ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡ.

"ಗೆದ್ವಿ ಆಂಟಿ, ಗೆದ್ವಿ! ಪೀಡೆ ಕಳೀತು. ಇನ್ನು ಓದೋ ಪ್ರಮೇಯವೇ ಇಲ್ಲ. ಮುಂದಿನ ಸೀಸನ್ ಮೈಕ್ ನಿಮ್ದೇ, ಬರ್ಕೊಳ್ಳಿ!"

ಹಂಸಾ ನಕ್ಕಳು. ಬೇಡಿದ್ದನ್ನು ದೇವರು ಕೊಟ್ಟೇಬಿಟ್ಟಿದ್ದ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು. ಏಳುತ್ತ ಗಾಜಿನಾಚೆ ಒಮ್ಮೆ ನೋಡಿದಳು.

ಕುಣಿದು ದಣಿದ ಜನ ಮನೆಗೆ ಹೊರಟಿರಲಿಲ್ಲ. ಒಬ್ಬೊಬ್ಬರಾಗಿ ಮತ್ತೆ ಕೂರುತ್ತಿದ್ದರು. ಸೀಸನ್ನಿಡೀ ಸೋತು ಕಲಿತ ಅಭ್ಯಾಸ ಗೆದ್ದ ದಿನವೂ ಬಿಟ್ಟುಹೋಗಿರಲಿಲ್ಲ. ಮಣ್ಣು ಮೆತ್ತಿದ ಹುಡುಗರೂ ಕಟಕಟೆಗೆ ಕೈಯೂರಿ ಗಾಜಿನ ಕೋಣೆಯ ಕಡೆ ಮುಖ ಮಾಡಿ ನಿಂತಿದ್ದರು. ಆಚೆ, ಮೈದಾನದ ಕೊನೆಯಲ್ಲಿ, ಕ್ಯಾಲಮ್ ರೀಡ್ ಚೆಂಡು ಬಿದ್ದ ಜಾಗದಲ್ಲೇ ಮಂಡಿಯೂರಿ ಕೂತಿದ್ದ. ಗ್ಲೌಸಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಹಂಸಾ ಚೀಲ ಕೆಳಗಿಟ್ಟಳು. ಕೂತಳು. ವೆಲ್ಲಿಂಗ್ಟನ್ ಆಟಗಾರರ ಹೆಸರಿದ್ದ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡಳು.

"ಏನ್ಮಾಡ್ತಿದೀರಿ ಆಂಟಿ?" ಅನೂಪನ ನಗು ಇಳಿದುಹೋಯಿತು. "ನಾವು ಗೆದ್ದಿದೀವಿ."

"ಅವರು ಸೋತಿದಾರೆ."

"ಅವರು ಎದುರು ಪಾರ್ಟಿ!"

"ಸುಬ್ಹಾನ್, ಆ ಮ್ಯೂಸಿಕ್ ಸ್ವಲ್ಪ ಇಳಿಸಪ್ಪ."

"ಆಗಲೇ ಇಳಿಸೀನ್ರಿ ಅಕ್ಕಾರ," ಎಂದ ಸುಬ್ಹಾನ್, ಕುರ್ಚಿಯಿಂದಿಳಿದು ಚಪ್ಪಲಿ ಹುಡುಕುತ್ತ.

ಮೈದಾನ ತಣ್ಣಗಾಯಿತು. ಜೀರುಂಡೆಗಳ ಶ್ರುತಿ ಮತ್ತೆ ಕೇಳಿಸಿತು. ಅನೂಪ್ ಅವಳ ಪಕ್ಕಕ್ಕೆ ಬಂದು ನಿಜಕ್ಕೂ ಕೈ ಜೋಡಿಸಿದ.

"ಕೈ ಮುಗೀತೀನಿ ಆಂಟಿ. ಸ್ಪಾನ್ಸರ್ ಕೆಳಗೇ ಕೂತಿದಾರೆ. ಗೆದ್ದ ದಿನ ಸೋತವರ ಹಾಡು ಹಾಡಿದ್ರೆ ಬೋರ್ಡು ಈಗಲೇ ನಿಮ್ಮನ್ನ ಏಳಿಸುತ್ತೆ. ಬೇಕಿದ್ರೆ ನಮ್ಮ ಹುಡುಗರ ಹೆಸರು ಓದಿ, ಅರ್ಧ ಗಂಟೆ ಓದಿ. ಅವರದ್ದು ಬೇಡ. ಇವತ್ತೊಂದು ದಿನ ಬಿಟ್ಬಿಡಿ."

ಹಂಸಾ ಮೈಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅನೂಪನ ಕಡೆ ತಿರುಗಿದಳು. ಮೀಟಿಂಗಿನ ಮೂಲೆಯಲ್ಲಿ ಕೂರುವವಳ ದನಿಯಾಗಿರಲಿಲ್ಲ ಅದು.

"ಇಲ್ಲ ಅನೂಪ್. ಬಿಡಲ್ಲ."