ಮೂರು ಊರಿನ ಮೈಕ್ರೋಸ್ಕೋಪು

ಡಾಕ್ಟರ್ ಶಶಿಪ್ರಭಾ ಅಂಗಳಕ್ಕೆ ಓಡಿ ಬರುವ ಹೊತ್ತಿಗೆ ನಾರಾಯಣಮೂರ್ತಿಗಳ ದೇಹವನ್ನು ಸ್ನಾನಕ್ಕೆಂದು ಒಳಗಿನಿಂದ ಎತ್ತಿ ತರುತ್ತಿದ್ದರು. ಬಂಟ್ವಾಳ ಪೇಟೆಯ ಹಿಂದಿನ ಬೀದಿಯ ಆ ಸಣ್ಣ ಮನೆಯೆದುರು ಮೂಡುಬಿದಿರೆಯ ಕಾಲೇಜಿನವರು ಗುಂಪಾಗಿ ನಿಂತಿದ್ದರು. ಆಕೆ ಅವರ ಕಡೆ ನೋಡದೆ, ತೀರಿಕೊಂಡವರ ತಮ್ಮ ಮಹಾಲಿಂಗೇಶ್ವರನ ಬಳಿ ಹೋದಳು.

“ನೀರು ಹೊಯ್ಯುವ ಮೊದಲು ಒಂದು ಮಾತು. ಅವರ ಜನಿವಾರದಲ್ಲಿ ಲ್ಯಾಬಿನ ಬೀಗದ ಕೈ ಉಂಟು. ಅದು ನನಗೆ ಬೇಕು.”

“ಇದೆಲ್ಲ ಕೇಳುವ ಸಮಯವಾ ಇದು, ಡಾಕ್ಟ್ರೇ?”

“ಸಮಯ ಇಲ್ಲದ್ದಕ್ಕೇ ಕೇಳ್ತಿದ್ದೇನೆ.”

ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಅವಳ ಬಳಿ ಬಂದಿದ್ದ ಗಂಡಹೆಂಡಿರಿಬ್ಬರಿಂದ ತೆಗೆದ ರಕ್ತ ಮೂಡುಬಿದಿರೆಯ ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯೊಳಗೆ ಮೂರು ದಿನದಿಂದ ಬೆಳೆಯುತ್ತಿತ್ತು. ಇವತ್ತೇ ಹೊರಗೆ ತೆಗೆದು ಗಾಜಿನ ಮೇಲೆ ಹರಡದಿದ್ದರೆ ಕಣಗಳು ಸಾಯುತ್ತವೆ. ಹೆಂಡತಿ ಜುಲೈಕಾಳ ಬಸಿರು ಒಂದೂ ನಿಲ್ಲುತ್ತಿರಲಿಲ್ಲ. ದೋಷ ಹುಡುಗಿಯದ್ದೆಂದು ಅತ್ತೆ ಮೈಮೂನಮ್ಮ ಮಗನಿಗೆ ಬೇರೆ ಹೆಣ್ಣು ಗೊತ್ತು ಮಾಡಿದ್ದರು. ಗಂಡ ಮೊಯ್ದೀನ್ ನಾಳೆ ಬೊಂಬಾಯಿಗೆ, ಅಲ್ಲಿಂದ ದುಬಾಯಿಗೆ ಹೊರಡುವವನು. ಇನ್ನು ಅವನ ರಕ್ತ ಸಿಗುವುದು ಎರಡು ವರ್ಷದ ಮೇಲೆ. ಅಷ್ಟರೊಳಗೆ ಜುಲೈಕಾ ತವರಿಗೆ ಸೇರಿರುತ್ತಾಳೆ.

ಮಹಾಲಿಂಗೇಶ್ವರ ಎಲ್ಲ ಕೇಳಿಸಿಕೊಂಡ. ಆಮೇಲೆ, ಹೆಣದ ಮೈಯಿಂದ ಏನನ್ನೂ ಬಿಚ್ಚಿ ಹೊರಗಿನವರಿಗೆ ಕೊಡುವ ಕ್ರಮ ತಮ್ಮಲ್ಲಿಲ್ಲ, ಪುರೋಹಿತರು ಕಾಯುತ್ತಿದ್ದಾರೆ ಎಂದು ಹೇಳಿ ತಿರುಗಿ ನಿಂತ.

*

ಆ ಮೈಕ್ರೋಸ್ಕೋಪಿಗಾಗಿ ನಾರಾಯಣಮೂರ್ತಿ ಎಪ್ಪತ್ತೊಂಬತ್ತನೇ ಇಸವಿಯಿಂದ ಅಲೆದವರು. ಅವರು ಮೂಡುಬಿದಿರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಾಷ್ಟ್ರು, ಡಾಕ್ಟರೇಟ್ ಮಾಡಿದವರಲ್ಲ. ಕ್ರೋಮೊಸೋಮು ನೋಡುವ, ಕ್ಯಾಮೆರಾ ಕೂರಿಸಿದ ಜರ್ಮನ್ ಮೈಕ್ರೋಸ್ಕೋಪು ಸಣ್ಣ ಊರಿನ ಕಾಲೇಜಿಗೆ ಯಾಕೆ ಎಂದು ಮೇಲಿನವರು ಕೇಳಿದ್ದರು. ಹಾಗಾದರೆ ಮೂರು ಊರಿನವರು ಸೇರಿ ಕೇಳುವ ಎಂದು ಅವರು ಉಜಿರೆಯ ಕಾಲೇಜಿಗೂ ಬೆಳ್ತಂಗಡಿಯ ಆಸ್ಪತ್ರೆಗೂ ರಜೆಯ ದಿನಗಳಲ್ಲಿ ಬಸ್ಸು ಹತ್ತಿದರು. ಯಂತ್ರ ನಮ್ಮಲ್ಲೇ ಇರಬೇಕೆಂದು ಮೂರು ಊರಿನವರೂ ಜಗಳಾಡಿದರು. ಜಗಳ ಮುಗಿಯುವಾಗ ಅವರ ತಲೆ ಪೂರಾ ನರೆತಿತ್ತು. ಕೊನೆಗೆ ಅದು ಮೂಡುಬಿದಿರೆಗೆ ಬಂದ ದಿನ ಅವರು ಲಾರಿಯ ಹಿಂಬದಿಯಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡೇ ಕೂತಿದ್ದರು.

ಮೊದಲ ತಿಂಗಳಲ್ಲೇ ಹೊರಗಿನಿಂದ ಬಂದ ಸಂಶೋಧಕನೊಬ್ಬ ಲೆನ್ಸನ್ನು ಗಾಜಿಗೆ ಒತ್ತಿ ಒಡೆದ. ಬೇರೆ ಲೆನ್ಸ್ ಬರಲು ವರ್ಷ ಹಿಡಿಯಿತು. ಅಂದಿನಿಂದ ಬೀಗದ ಕೈ ಜನಿವಾರಕ್ಕೆ ಹೋಯಿತು. ಇನ್ನೊಂದನ್ನು ಮಾಡಿಸಲು ಅವರು ಬಿಡಲಿಲ್ಲ. ಕೆಲಸವನ್ನೇನೋ ಶಶಿಪ್ರಭಾಳಿಗೆ ಪ್ರೀತಿಯಿಂದ ಕಲಿಸಿದರು, ಆದರೆ ಪಕ್ಕದಲ್ಲಿ ತಾವಿಲ್ಲದೆ ಮುಟ್ಟಗೊಡಲಿಲ್ಲ. ಇದು ನಿಮ್ಮ ಮನೆಯ ದೇವರ ಕೋಣೆಯಲ್ಲ ಎಂದು ಹೋದ ತಿಂಗಳು ಅವಳು ಎದುರಿಗೇ ಹೇಳಿದ್ದಳು. ಆದರೆ ರಕ್ತ ಕೊಡುವುದಿಲ್ಲ ಎಂದ ಮೊಯ್ದೀನನನ್ನು, ಬಿ.ಸಿ.ರೋಡಿನ ಅವನ ಅಣ್ಣನ ಅಂಗಡಿಯಲ್ಲಿ ಮಧ್ಯಾಹ್ನವಿಡೀ ಕೂತು ಒಪ್ಪಿಸಿದವರು ಅವರೇ.

*

“ಮಹಾಲಿಂಗ, ಸ್ವಲ್ಪ ನಿಲ್ಲು.”

ನಾರಾಯಣಮೂರ್ತಿಗಳ ಹೆಂಡತಿ ತುಂಗಾ ಬಾಗಿಲಿಗೆ ಬಂದಿದ್ದರು. ಮೈದುನ ಅತ್ತಿಗೆಯನ್ನು ತಡೆಯಲು ನೋಡಿದ. ಅವರು ಗಂಡನ ಪಕ್ಕ ಕೂತು ಜನಿವಾರವನ್ನು ಹುಡುಕಿ ಎಳೆದರು. ಬೆವರಿಗೆ ಗಂಟು ಬಿಗಿದು ಕಲ್ಲಾಗಿತ್ತು. ದಾರ ಕಡಿಯಬಾರದೆಂದು ಪುರೋಹಿತರು ಅಂದರು. ತುಂಗಾ ಬಾಗಿ, ಗಂಡನ ಎದೆಗೆ ಮುಖವಿಟ್ಟು, ಹಲ್ಲಿನಿಂದ ಗಂಟು ಸಡಿಲಿಸಿದರು.

ಬೀಗದ ಕೈಯನ್ನು ಅವರು ಕೂಡಲೇ ಬಿಡಲಿಲ್ಲ.

“ನಮ್ಮ ಮೂರು ಮಕ್ಕಳೂ ಹುಟ್ಟಿ ತಿಂಗಳು ದಾಟಲಿಲ್ಲ. ಆ ಯಂತ್ರದಲ್ಲಿ ಅವರು ಮೊದಲು ನೋಡಿದ್ದು ನಮ್ಮಿಬ್ಬರ ರಕ್ತ. ಏನು ಕಂಡಿತು ಅಂತ ಹೇಳಲಿಲ್ಲ. ನೀವು ನೋಡಿ ನನಗೆ ಹೇಳಬೇಕು. ಏನಿದ್ದರೂ.”

“ಹೇಳ್ತೇನೆ.”

ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸು ನಿಲ್ಲಿಸಿದಲ್ಲೆಲ್ಲ ಅವಳಿಗೆ ಇಳಿದು ಓಡಬೇಕು ಅನ್ನಿಸುತ್ತಿತ್ತು. ಕಾಲೇಜಿನ ಜಗಲಿಯಲ್ಲಿ ಜುಲೈಕಾ ಮತ್ತು ಮೊಯ್ದೀನ್ ದೂರ ದೂರ ಕೂತಿದ್ದರು. ಶಶಿಪ್ರಭಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಕ್ಕದಲ್ಲಿ ಯಾರೂ ಇಲ್ಲದೆ ಅವಳು ಆ ಕೆಲಸ ಮಾಡುತ್ತಿದ್ದದ್ದು ಇದೇ ಮೊದಲು. ಲೆನ್ಸನ್ನು ಗಾಜಿನತ್ತ ಇಳಿಸುವಾಗ, ಅವಸರ ಮಾಡಬೇಡಿ ಎನ್ನುವ ನಾರಾಯಣಮೂರ್ತಿಗಳ ಸ್ವರ ಕೇಳಿದ ಹಾಗಾಗಿ ತಡೆದು ನಿಂತಳು.

ಬಿಸಿಲು ಇಳಿಯುವಾಗ ಉತ್ತರ ಸಿಕ್ಕಿತು. ಜುಲೈಕಾಳದ್ದು ಸರಿಯಿತ್ತು. ಮೊಯ್ದೀನನ ಕಣಗಳಲ್ಲಿ ಒಂದು ಕ್ರೋಮೊಸೋಮಿನ ತುಂಡು ಮುರಿದು ಇನ್ನೊಂದಕ್ಕೆ ಅಂಟಿಕೊಂಡಿತ್ತು. ಹತ್ತಾರು ಕಣ ನೋಡಿದರೂ ಅದೇ.

ಅವಳು ಅವನನ್ನು ಒಬ್ಬನನ್ನೇ ಒಳಗೆ ಕರೆದಳು. ಬಸಿರು ನಿಲ್ಲದಿರುವುದು ಇದರಿಂದ, ಆದರೆ ಅವನ ಮೈಗೇನೂ ತೊಂದರೆಯಿಲ್ಲ, ಬಸಿರೆಲ್ಲ ಹೋಗಬೇಕೆಂದೂ ಇಲ್ಲ, ಒಂದಾದರೂ ನಿಲ್ಲಬಹುದು ಎಂದು ಬಿಡಿಸಿ ಹೇಳಿದಳು.

“ಬೇರೆ ಮದುವೆಯಾದರೂ ಹೀಗೆಯೇ?”

“ಹೀಗೆಯೇ.”

“ಉಮ್ಮನಿಗೆ ನೀವು ಹೇಳ್ತೀರಾ?”

“ನಿಮ್ಮ ತಾಯಿಗೆ ನೀವೇ ಹೇಳಬೇಕು.”

ಅವನು ಹೊರಗೆ ಹೋಗಿ ಜುಲೈಕಾಳ ಪಕ್ಕದಲ್ಲಿ ಕೂತು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದ. ಅವಳು ಅವನ ಮುಖ ನೋಡಲಿಲ್ಲ. ಚೀಲವನ್ನು ಮಾತ್ರ ತಮ್ಮಿಬ್ಬರ ನಡುವಿನಿಂದ ಆಚೆಗೆ ಸರಿಸಿದಳು.

ಶಶಿಪ್ರಭಾ ರಕ್ತ ಹರಡಿದ ಹಳೆಯ ಗಾಜುಗಳನ್ನು ಹುಡುಕಿ ತೆಗೆದಳು. ತುಂಗಾರದ್ದು, ನಾರಾಯಣಮೂರ್ತಿಗಳದ್ದು. ಒಮ್ಮೆ ನೋಡಿ, ಮುರಿದದ್ದು ಏನೂ ಕಾಣದೆ, ನಂಬದೆ ಮತ್ತೊಮ್ಮೆ ನೋಡಿದಳು.

ಬಂಟ್ವಾಳ ತಲಪುವಾಗ ದೀಪ ಹೊತ್ತಿಸುತ್ತಿದ್ದರು. ಸ್ಮಶಾನಕ್ಕೆ ಹೋದವರೆಲ್ಲ ಮರಳಿ, ಮಿಂದು, ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ತುಂಗಾ ಹಿತ್ತಿಲಲ್ಲಿದ್ದರು.

“ಇಬ್ಬರದ್ದೂ ಸರಿ ಉಂಟು ಅಮ್ಮ. ಎಲ್ಲಿಯೂ ದೋಷ ಇಲ್ಲ. ಮಕ್ಕಳು ಯಾಕೆ ಹೋದವು ಅಂತ ಆ ಯಂತ್ರದಲ್ಲಿ ಕಾಣುವುದಿಲ್ಲ.”

ತುಂಗಾ ತಲೆಯಾಡಿಸಿದರು.

“ಅಷ್ಟು ಹೇಳಲಿಕ್ಕೆ ಅವರಿಗೆ ಏನಾಗಿತ್ತು?” ಅಂದರು.

ತಂತಿಯ ಮೇಲೆ ನಿನ್ನೆ ಒಗೆದ ಪಂಚೆ ಹಾಗೆಯೇ ಇತ್ತು. ಅವರು ಅದನ್ನು ಎಳೆದು, ಎರಡು ಮೂಲೆ ಹಿಡಿದು ಮಡಚಲು ಕೈ ಮುಂದೆ ಚಾಚಿ ನಿಂತರು. ಗಂಡ ಹಿಡಿಯುತ್ತಿದ್ದ ಇನ್ನೊಂದು ತುದಿ ತೊಳೆದ ನೆಲದ ಮೇಲೆ ಬಿದ್ದು ನಿಧಾನವಾಗಿ ಒದ್ದೆಯಾಗುತ್ತಿತ್ತು.